ಒಳ್ಳೆಯ ಕಳ್ಳನ ಅಳು

ಅಂತೋಣಿದೊಡ್ಡಿ, ಕನಕಪುರ ತಾಲ್ಲೂಕು
17 ನವೆಂಬರ್ 2024

ಇನ್ನಾಸಪ್ಪನಿಗೆ,

ನೀನು ಜೈಲು ಸೇರಿದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಕ್ಷೇಮ ಕೇಳಲು ಬರೆದದ್ದಲ್ಲ. ನೀನು ಕೊಂದ ಚೌರಪ್ಪನ ಹೆಂಡತಿ ನಾನು. ನನ್ನ ಅಕ್ಷರ ನಿನಗೆ ಗುರುತಿರಲಾರದು ಎಂದು ಹೇಳಿದೆ.

ಈ ದಿನ ಪೂಜೆ ಮುಗಿದ ಮೇಲೆ ಫಾದರ್ ಒಂದು ಸುದ್ದಿ ಹೇಳಿದರು. ಹದಿನಾಲ್ಕು ವರ್ಷ ತುಂಬಿದವರನ್ನು ಸನ್ನಡತೆಯ ಮೇಲೆ ಬಿಡುತ್ತಾರಂತೆ, ನಿನ್ನ ಹೆಸರೂ ಅದರಲ್ಲಿದೆಯಂತೆ. ಯೇಸು ಮತ್ತೆ ಎದ್ದ ಪಾಸ್ಕ ಹಬ್ಬ ಕಳೆಯುವಷ್ಟರಲ್ಲಿ ನೀನು ಊರಿಗೆ ಬಂದರೂ ಬರಬಹುದಂತೆ. ಅದಕ್ಕೆ ಮೊದಲು ಪೊಲೀಸರು ಬಂದು ವಿಚಾರಿಸುತ್ತಾರೆ, ಸತ್ತವನ ಮನೆಯವರ ಮಾತಿಗೆ ತೂಕ ಹೆಚ್ಚು ಎಂದರು. ಇಡೀ ಚರ್ಚು ತಿರುಗಿ ನನ್ನನ್ನು ನೋಡಿತು. ನಿನ್ನ ತಾಯಿ ಜ್ಞಾನಮ್ಮ ಮುಂದಿನ ಸಾಲಿನಲ್ಲಿ ಬಗ್ಗಿ ನೆಲಕ್ಕೆ ಮುತ್ತಿಟ್ಟಳು. ಅವಳಿಗೆ ಈಗ ಎರಡು ಕಣ್ಣೂ ಕಾಣುವುದಿಲ್ಲ.

ಹೊರಗೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಅವ್ನು ಕೋರ್ಟಲ್ಲೇ ಮಗು ಅತ್ತಂಗೆ ಅತ್ತುಬುಟ್ಟ ಕಣವ್ವ. ದೇವ್ರೇ ಮಾಫ್ ಮಾಡವ್ನೆ. ನೀನಿನ್ನೂ ಗಂಟು ಹಾಕ್ಕೊಂಡು ಕೂತಿದ್ದೀಯಲ್ಲ."

ಆ ದಿನ ಕೋರ್ಟಿನಲ್ಲಿ ನಾನೂ ಇದ್ದೆ. ನೀನು ಅತ್ತದ್ದನ್ನು ನಾನೂ ನೋಡಿದೆ. ಬೇರೆಯವರು ನಿನ್ನನ್ನು ವರ್ಷಕ್ಕೊಂದು ದಿನ, ಶುಭಶುಕ್ರವಾರದ ನಾಟಕದಲ್ಲಿ, ಬಂಡೆಯ ಮೇಲೆ ನೋಡಿದವರು. ನಡುವಿನ ಶಿಲುಬೆಯಲ್ಲಿ ಯೇಸು, ಬಲಗಡೆ ಪಶ್ಚಾತ್ತಾಪಪಟ್ಟು ಸ್ವರ್ಗಕ್ಕೆ ಹೋಗುವ ಒಳ್ಳೆಯ ಕಳ್ಳ ನೀನು, ಎಡಗಡೆ ಬೈದುಕೊಂಡೇ ಸಾಯುವ ಕೆಟ್ಟ ಕಳ್ಳ ನನ್ನ ಗಂಡ. ಹನ್ನೊಂದು ವರ್ಷ ಅದೇ ಪಾತ್ರ. ನಾನು ನಿಮ್ಮಿಬ್ಬರನ್ನು ಪಾಸ್ಕಕ್ಕೆ ಮುಂಚಿನ ನಲವತ್ತು ದಿನ, ತಪಸ್ಸು ಕಾಲ ಪೂರ್ತಿ ನಮ್ಮ ಅಂಗಳದಲ್ಲಿ ನೋಡಿದವಳು. "ಒಡೆಯಾ, ನಿನ್ನ ಅರಮನೆಗೆ ಹೋದ ಮೇಲೆ ಈ ಪಾಪಿಯ ನೆನಪಿರಲಿ" ಎಂದು ನೀನು ಹೇಳುವಾಗ ಉಸಿರು ಎಲ್ಲಿ ಕಟ್ಟುತ್ತದೆ, ದನಿ ಎಲ್ಲಿ ಒಡೆಯುತ್ತದೆ, ಎಲ್ಲ ನನಗೆ ಬಾಯಿಪಾಠ. ಶಿಲುಬೆಯಲ್ಲಿ ಕೈ ಕಟ್ಟಿರುತ್ತಾರಲ್ಲ, ಅದಕ್ಕೆ ನೀನು ಕತ್ತು ವಾಲಿಸಿ ಕಣ್ಣನ್ನು ಬಲಭುಜಕ್ಕೆ ಒರೆಸಿಕೊಳ್ಳುತ್ತಿದ್ದೆ. ಅದನ್ನು ನೋಡಿ ಹೆಂಗಸರೆಲ್ಲ ಸೆರಗಿಗೆ ಮುಖ ಒತ್ತಿಕೊಳ್ಳುತ್ತಿದ್ದರು.

ಕೋರ್ಟಿನಲ್ಲಿ ನಿನ್ನ ಕೈಗೆ ಬೇಡಿ ಇರಲಿಲ್ಲ. ಆದರೂ ನೀನು ಕಣ್ಣನ್ನು ಬಲಭುಜಕ್ಕೆ ಒರೆಸಿಕೊಂಡೆ.

ಅಂದಿನಿಂದ ನಾನು ಯಾರಿಗೂ ಇದನ್ನು ಹೇಳಿಲ್ಲ. ಈಗ ನಿನ್ನನ್ನೇ ಕೇಳುತ್ತೇನೆ. ಆ ಅಳು ನಿಜವೋ ನಾಟಕವೋ? ನಿಜವಾಗಿದ್ದರೆ ಪೊಲೀಸರಿಗೆ ಬರಲಿ ಎನ್ನುತ್ತೇನೆ. ಸುಳ್ಳಾಗಿದ್ದರೆ ಬೇಡ ಎನ್ನುತ್ತೇನೆ. ನಿನ್ನ ಮನೆ ನನ್ನ ಮನೆಗೆ ಎದುರು. ಬೆಳಗೆದ್ದು ಬಾಗಿಲು ತೆರೆದರೆ ಯಾರ ಮುಖ ನೋಡಬೇಕು ಎಂದು ನನಗೆ ತಿಳಿಯಬೇಕು.

ಚೌರಪ್ಪನ ಹೆಂಡತಿ,
ಆರೋಗ್ಯಮ್ಮ


ಕೇಂದ್ರ ಕಾರಾಗೃಹ
2 ಡಿಸೆಂಬರ್ 2024

ಯೇಸುವಿಗೆ ಸ್ತೋತ್ರ.

ಪ್ರೀತಿಯ ಆರೋಗ್ಯ ಅತ್ತಿಗೆಯವರಿಗೆ, ಪಾಪಿಯಾದ ಇನ್ನಾಸಪ್ಪ ಮಾಡುವ ವಂದನೆಗಳು.

ನಿಮ್ಮ ಕಾಗದ ಕಂಡು ನನ್ನ ಕಣ್ಣು ತುಂಬಿ ಬಂತು. ನಾನು ಮಾಡಿದ ಘೋರ ಪಾಪವನ್ನು ನೆನೆದು ದಿನವೂ ಬೆಂದುಹೋಗುತ್ತಿದ್ದೇನೆ. ಆದರೆ ಪ್ರಭುವಿನ ಕರುಣೆ ಸಮುದ್ರಕ್ಕಿಂತ ದೊಡ್ಡದು. ನನ್ನಂಥವನನ್ನೂ ಅವರು ಎತ್ತಿಕೊಂಡಿದ್ದಾರೆ. ಇಲ್ಲಿ ಜಪಕೂಟ ನಡೆಸುತ್ತೇನೆ. ಎಷ್ಟೋ ಜನ ನಾನು ಬದಲಾದ ಸಾಕ್ಷಿ ಕೇಳಿ ಬದಲಾಗಿದ್ದಾರೆ. ಜೈಲರ್ ಸಾಹೇಬರೂ ನನ್ನನ್ನು ಮೆಚ್ಚಿದ್ದಾರೆ.

ನನ್ನ ಅಳು ನಿಜ. ದೇವರೇ ಸಾಕ್ಷಿ. ನೀವು ದೊಡ್ಡ ಮನಸ್ಸು ಮಾಡಿ ಪೊಲೀಸರ ಮುಂದೆ ಒಳ್ಳೆಯ ಮಾತು ಆಡಿದರೆ ಮುದುಕಿ ತಾಯಿಯ ಕೊನೆಗಾಲಕ್ಕೆ ಆಗುತ್ತೇನೆ. ಕ್ಷಮಿಸುವವರು ಧನ್ಯರು.

ಕ್ರಿಸ್ತನಲ್ಲಿ ನಿಮ್ಮ ಸೋದರ,
ಇನ್ನಾಸಪ್ಪ


ಅಂತೋಣಿದೊಡ್ಡಿ
11 ಡಿಸೆಂಬರ್ 2024

ಇನ್ನಾಸಪ್ಪನಿಗೆ,

ನಾಟಕದ ಮಾತನ್ನೇ ಬರೆದು ಕಳಿಸಿದ್ದೀಯ. ನನ್ನನ್ನು ಅತ್ತಿಗೆ ಎನ್ನಬೇಡ.

ನಿನ್ನ ಕಾಗದವನ್ನು ನಾನು ಮುನಿಯಮ್ಮನಿಗೆ ಓದಿ ಹೇಳಿದೆ. ಅವಳು ಪಕ್ಕದ ದೊಡ್ಡಿಯವಳು, ನಮ್ಮ ಮತದವಳಲ್ಲ. ನಾನು ಒಬ್ಬಳೇ ಆದ ಮೇಲೆ ರೇಷ್ಮೆಹುಳು ಮೇಯಿಸಲು ನನ್ನ ಜೊತೆ ನಿಂತವಳು. ಹುಳು ನಾಲ್ಕನೇ ಸಲ ಪೊರೆ ಬಿಟ್ಟು, ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಡುತ್ತಿದ್ದವು. ಸೊಪ್ಪು ಹಾಕುತ್ತಲೇ ಅವಳು, "ನಮ್ಮಲ್ಲಿ ಮಾಡಿದ್ದುಣ್ಣೋ ಮಾರಾಯ ಅಂತಾರೆ, ಅಲ್ಲಿಗೆ ಮುಗೀತು. ನಿಮ್ಮಲ್ಲಿ ಮಾಡ್ದೋನು ಅವ್ನು, ಉಂಡೋಳು ನೀನು, ಕೈ ತೊಳ್ಕೊಂಡೋನು ದೇವ್ರು. ಇದ್ಯಾವ ಪಂಕ್ತಿ ಊಟ ಕಣವ್ವ?" ಎಂದಳು. ನನಗೆ ನಗು ಬಂತು.

ನೀನು ಘೋರ ಪಾಪ ಎಂದು ಬರೆದಿದ್ದೀಯ. ಆ ಪಾಪ ನೋಡಲು ಹೇಗಿತ್ತು ಎಂದು ನಾನು ಹೇಳುತ್ತೇನೆ. ಆಸ್ಪತ್ರೆಯಿಂದ ಹೆಣ ತಂದ ಮೇಲೆ ನಾನೇ ತೊಳೆದೆ. ಬೇರೆಯವರ ಕೈಗೆ ಕೊಡಲಿಲ್ಲ. ತಲೆಯ ಬಲಭಾಗ ಮೆತ್ತಗಾಗಿತ್ತು. ಬಟ್ಟೆ ಒತ್ತಿದರೆ ಒಳಗೆ ಹೋಗುತ್ತಿತ್ತು. ದವಡೆ ಪಕ್ಕಕ್ಕೆ ಜಾರಿ ಬಾಯಿ ಬೇರೆ ಯಾರದೋ ಬಾಯಿಯಂತೆ ಕಾಣುತ್ತಿತ್ತು. ಒಂದು ಹಲ್ಲು ಕೆಳತುಟಿಯೊಳಗೆ ಹುಗಿದು ಕೂತಿತ್ತು. ಅದನ್ನು ನನ್ನ ಉಗುರಿನಿಂದ ಕಿತ್ತೆ. ಕಿವಿಯೊಳಗೆ ಬಂಡೆಯ ಮಣ್ಣು ರಕ್ತದಲ್ಲಿ ಕಲಸಿ ಗಟ್ಟಿಯಾಗಿತ್ತು, ಬಿಸಿನೀರು ಹಾಕಿದರೂ ಬಿಡಲಿಲ್ಲ. ಅದರ ಜೊತೆಗೇ ಹೂತೆವು.

ಇದನ್ನು ಓದಿಯೂ ನಿನಗೆ ಕ್ಷಮಿಸುವವರು ಧನ್ಯರು ಎಂದು ಬರೆಯಬೇಕು ಎನಿಸಿದರೆ ಬರೆಯಬೇಡ.

ಆರೋಗ್ಯಮ್ಮ


ಕೇಂದ್ರ ಕಾರಾಗೃಹ
9 ಜನವರಿ 2025

ಆರೋಗ್ಯಮ್ಮನವರಿಗೆ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇಲ್ಲಿಂದ ಹೋಗುವ ಕಾಗದವನ್ನು ಓದಿಯೇ ಕಳಿಸುತ್ತಾರೆ. ಓದಿದವರು ಮೇಲಿನವರಿಗೆ ತೋರಿಸಿದರೆ ನನ್ನ ಬಿಡುಗಡೆ ಅಲ್ಲಿಗೇ ನಿಲ್ಲುತ್ತದೆ. ನಿಲ್ಲಲಿ.

ನೀವು ಹೇಳಿದ್ದು ಸರಿ. ಕೋರ್ಟಿನಲ್ಲಿ ಅತ್ತದ್ದು ನಾಟಕದ ಅಳು. ಬೇಕೆಂದು ಮಾಡಿದ್ದಲ್ಲ. ಜಡ್ಜು ಏನಾದರೂ ಹೇಳುವುದಿದೆಯಾ ಎಂದು ಕೇಳಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಷ್ಟು ಜನ ನೋಡುವಾಗ ನನಗೆ ಬರುತ್ತಿದ್ದದ್ದು ಅದೊಂದೇ. ಬಂತು.

ಕೊಂದ ದಿನದ್ದನ್ನು ಬರೆಯುತ್ತೇನೆ. ಹಿಂದಿನ ಫಾದರ್ ಆ ವರ್ಷ ಪಾತ್ರ ಅದಲುಬದಲು ಮಾಡಿ ಎಂದಿದ್ದರು. ಚೌರ ಬಲಗಡೆ, ನಾನು ಎಡಗಡೆ. ನಾನು ಒಪ್ಪಿರಲಿಲ್ಲ. ಊರಲ್ಲಿ ಮಕ್ಕಳೂ ನನ್ನನ್ನು ಒಳ್ಳೆ ಕಳ್ಳ ಎಂದೇ ಕರೆಯುತ್ತಿದ್ದರು. ನನಗಿದ್ದ ಮರ್ಯಾದೆ ಅಷ್ಟೇ. ಶಿಲುಬೆ ನೆಡುವ ಗುಂಡಿ ತೋಡಲು ನಾವಿಬ್ಬರೇ ಬಂಡೆ ಹತ್ತಿದ್ದೆವು. ಚೌರ ತಮಾಷೆ ಮಾಡುತ್ತಲೇ ಇದ್ದ. "ಹನ್ನೊಂದು ವರ್ಷ ಪುಗಸಟ್ಟೆ ಸ್ವರ್ಗಕ್ಕೋಗಿದ್ದೀಯ ಕಣ್ಲಾ. ಈ ವರ್ಷ ಒಸಿ ನರಕದ ಬಿಸಿನೂ ನೋಡು."

ನಾನು, "ನಿನ್ ಮೊಕಕ್ಕೆ ಪಶ್ಚಾತ್ತಾಪ ಒಪ್ಪಾಕಿಲ್ಲ, ಬುಡ್ಲಾ" ಎಂದೆ.

ಅವನು ನಕ್ಕ. "ನಿಂಗೊಪ್ತದಾ? ನೀನು ಅಳಾದು ಪೌಡರ್ ಬಳ್ಕೊಂಡಂಗೆ ಕಣ್ಲಾ ಇನ್ನಾಸಿ. ಹುಟ್ಟಿದ್ಮೇಲೆ ಒಂದಿನ ಆದ್ರೂ ನಿಜವಾಗಿ ಅತ್ತಿದ್ದೀಯೇನ್ಲಾ?"

ಆ ಮಾತಿಗೆ ಹೊಡೆದೆ. ಕೈಯಲ್ಲಿ ಹಾರೆ ಇತ್ತು. ಮೊದಲ ಏಟು ದವಡೆಗೆ ಬಿತ್ತು. ಅವನು ಕುಕ್ಕರಿಸಿ ಕೂತ. ಬಾಯಿಂದ ರಕ್ತ ಗಂಜಿಯ ಹಾಗೆ ಇಳಿಯುತ್ತಿತ್ತು. "ಬುಡ್ಲಾ, ಇನ್ನಾಸಿ" ಎಂದ, ಅದೂ ಸರಿಯಾಗಿ ಹೊರಡಲಿಲ್ಲ. ಮೊದಲನೆಯದು ಕೋಪದ ಏಟು. ಎಲ್ಲ ಪೂಜೆಯಲ್ಲೂ ಅದಕ್ಕಾಗಿ ಎದೆ ಬಡಿದುಕೊಂಡಿದ್ದೇನೆ. ಎರಡನೆಯದನ್ನು ಯಾರಿಗೂ ಹೇಳಿಲ್ಲ. ಅದಕ್ಕೆ ಮುಂಚೆ ನನ್ನ ಕೋಪ ಹೋಗಿತ್ತು. ಮನಸ್ಸು ತಣ್ಣಗೆ, ಗಾಳಿಯಿಲ್ಲದ ಕೆರೆಯಂತೆ ಇತ್ತು. ಕಾಲು ಅಗಲಿಸಿ ನಿಂತುಕೊಂಡು, ಗುಂಡಿ ತೋಡುವಾಗ ಎತ್ತುವಂತೆ ಎರಡು ಕೈಯಲ್ಲಿ ಎತ್ತಿ, ತಲೆಯ ಮೇಲೆ ಇಳಿಸಿದೆ. ತೆಂಗಿನಕಾಯಿ ಒಡೆದ ಶಬ್ದ ಬಂತು. ನನಗೆ ನೆಮ್ಮದಿಯಾಯಿತು. ಇನ್ನೂ ಎರಡು ಹೊಡೆದೆ.

ಆ ನೆಮ್ಮದಿ ಇವತ್ತಿಗೂ ಹೋಗಿಲ್ಲ. ನೆನೆದರೆ ಕೈ ಈಗಲೂ ಹಗುರಾಗುತ್ತದೆ. ಇಲ್ಲಿಗೆ ಬರುವ ಪಾದ್ರಿಗಳಿಗೆ ಕೇಳಿದೆ, ನನಗೆ ಪಶ್ಚಾತ್ತಾಪ ಬರುತ್ತಿಲ್ಲ, ಏನು ಮಾಡಲಿ ಎಂದು. ಅವರು ಹೇಳಿದರು, ಅದನ್ನು ನೀನು ತಯಾರಿಸುವುದಲ್ಲ, ದೇವರ ವರಪ್ರಸಾದ ಅದು, ಬೇಡಿಕೋ ಎಂದು. ಬೇಡಲಿಕ್ಕೂ ಮನಸ್ಸು ಬರಬೇಕಲ್ಲ, ಅದನ್ನು ಯಾರು ಕೊಡುತ್ತಾರೆ ಎಂದೆ. ಅದನ್ನೂ ಅವರೇ ಎಂದರು. ಹಾಗಾದರೆ ಕೊಡದೆ ಇಟ್ಟುಕೊಂಡವರೂ ಅವರೇ ಅಲ್ಲವಾ ಎಂದೆ. ಅವರು ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, ಎಡಗಡೆಯ ಕಳ್ಳನಿಗೂ ಪ್ರಭು ಅಷ್ಟೇ ಹತ್ತಿರ ಇದ್ದರು ಇನ್ನಾಸಪ್ಪ, ಒಂದು ಮೊಳವೂ ದೂರ ಇರಲಿಲ್ಲ ಎಂದರು. ನನಗೆ ಅರ್ಥವಾಗಲಿಲ್ಲ.

ಚೌರ ಕೇಳಿದ್ದನ್ನೇ ನೀವೂ ಕೇಳಿದ್ದೀರಿ. ಅವನಿಗೆ ಕೊಡಬೇಕಿದ್ದ ಉತ್ತರ ನಿಮಗೆ ಕೊಡುತ್ತಿದ್ದೇನೆ. ಇಲ್ಲ. ಒಂದು ದಿನವೂ ನಿಜವಾಗಿ ಅತ್ತಿಲ್ಲ.

ಇನ್ನಾಸಪ್ಪ


ಅಂತೋಣಿದೊಡ್ಡಿ
2 ಫೆಬ್ರವರಿ 2025

ಇನ್ನಾಸಪ್ಪನಿಗೆ,

ನಿನ್ನ ಕಾಗದವನ್ನು ಇಡೀ ಓದಲು ನನಗೆ ಒಂದು ವಾರ ಹಿಡಿಯಿತು. "ಬುಡ್ಲಾ, ಇನ್ನಾಸಿ" ಎನ್ನುವಲ್ಲಿಗೆ ಬಂದು ನಿಲ್ಲುತ್ತಿದ್ದೆ. ನನ್ನ ಗಂಡನ ಕೊನೆಯ ಮಾತು ಏನು ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ. ನನ್ನ ಹೆಸರಿರಬಹುದು ಎಂದುಕೊಂಡಿದ್ದೆ.

ಕಾಗದ ಯಾರಿಗೂ ತೋರಿಸಿಲ್ಲ. ನಮ್ಮ ಫಾದರ್ ಹತ್ತಿರ ಹೋಗಿ, ಯಾರದ್ದು ಎನ್ನದೆ ಕೇಳಿದೆ. ಪಶ್ಚಾತ್ತಾಪ ಬರದವನನ್ನು ದೇವರು ಏನು ಮಾಡುತ್ತಾರೆ ಎಂದು. ಅವರಿಗೆ ಗೊತ್ತಾಯಿತು. ನರಕದ ಹೆದರಿಕೆಯಿಂದ ಹುಟ್ಟಿದ ಪಶ್ಚಾತ್ತಾಪವನ್ನೂ ಪಾಪನಿವೇದನೆಯಲ್ಲಿ ದೇವರು ತಳ್ಳಿಹಾಕುವುದಿಲ್ಲ, ಅರೆಬರೆಯಾದರೂ ಅವರಿಗೆ ಸಾಕು ಎಂದರು.

"ನಂಗೆ ಸಾಲ್ದು ಫಾದರ್" ಎಂದೆ.

"ನಿಮಗೆ ಸಾಲದ್ದು ದೇವರಿಗೆ ಸಾಕಾದರೆ ಏನ್ ಮಾಡ್ತೀರಮ್ಮ?"

"ದೇವ್ರೇನು ಗಂಡನ್ನ ಕಳ್ಕೊಂಡವ್ರಾ?"

ಅವರು ನೆಲ ನೋಡಿದರು. "ಮಗನನ್ನ ಕಳ್ಕೊಂಡವರು" ಎಂದರು.

ನಾನು ಎದ್ದು ಬಂದೆ. ಆ ಮಾತಿನಿಂದ ಸಮಾಧಾನ ಆಗಲಿಲ್ಲ. ದಾರಿಯುದ್ದಕ್ಕೂ ಸಿಟ್ಟಿನಿಂದ ಬೇಲಿಯ ಕಳ್ಳಿಯನ್ನು ಕೋಲಿನಿಂದ ಹೊಡೆದು ಹೊಡೆದು ಹಾಲು ಸುರಿಸಿದೆ. ಎದುರಿಗೆ ಬಂದವರು ಪಕ್ಕಕ್ಕೆ ಸರಿದು ನಿಂತರು.

ನೀನು ನಿಜ ಹೇಳಿದೆ. ಅದಕ್ಕೆ ನಾನೂ ನಿಜ ಹೇಳುತ್ತೇನೆ. ಪೊಲೀಸರು ಬಂದರೆ ಬೇಡ ಎನ್ನುತ್ತೇನೆ. ನೀನು ಅಲ್ಲೇ ಸಾಯಿ.

ಆರೋಗ್ಯಮ್ಮ


ಅಂತೋಣಿದೊಡ್ಡಿ
7 ಮಾರ್ಚ್ 2025

ಇನ್ನಾಸಪ್ಪನಿಗೆ,

ನಿನ್ನಿಂದ ಉತ್ತರ ಬರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಆದರೂ ಇದನ್ನು ಬರೆಯಲೇಬೇಕು. ಬೇರೆಯವರ ಬಾಯಿಂದ ನೀನು ಕೇಳಬಾರದು.

ಮೊನ್ನೆ ಬೂದಿ ಬುಧವಾರ. ಪೂಜೆ ಮುಗಿಸಿ ನಿನ್ನ ತಾಯಿ ಕೋಲೂರಿಕೊಂಡು ರಸ್ತೆ ದಾಟಿ ನಮ್ಮ ಜಗಲಿಗೆ ಬಂದಳು. ಹಣೆಗೆ ಫಾದರ್ ಹಚ್ಚಿದ ಬೂದಿಯ ಶಿಲುಬೆ ಹಾಗೇ ಇತ್ತು. ನಾನು ಹುಳದ ಮನೆಯ ಮುಂದೆ ಮಚ್ಚಿನಿಂದ ಹಿಪ್ಪುನೇರಳೆ ಕಡ್ಡಿ ಕೊಚ್ಚುತ್ತಿದ್ದೆ.

"ಪೊಲೀಸ್ನೋರು ಈ ತಿಂಗ್ಳಲ್ಲೇ ಬತ್ತಾರಂತೆ ಕಣ್ ಮಗ. ಒಂದು ಒಳ್ಳೇ ಮಾತಾಡ್ಬುಡು. ನನ್ ಮಗ ಬೆಣ್ಣೆಯಂಗಾಗವ್ನೆ. ದಿನಾ ಅಳ್ತಾನಂತೆ" ಎಂದಳು.

ಅಳುತ್ತಾನಂತೆ ಎಂದದ್ದೇ ಸಾಕಾಯಿತು. ನಾನು ಎದ್ದು ಅವಳ ಎದೆಗೆ ಎರಡು ಕೈಯಿಟ್ಟು ತಳ್ಳಿದೆ. ಬಿದ್ದಳು. ಜಗಲಿಯ ಕಲ್ಲಿನ ಅಂಚಿಗೆ ತಲೆ ಬಡಿಯಿತು. ಬಿಳಿಕೂದಲಿನ ನಡುವಿಂದ ರಕ್ತ ಚಿಮ್ಮಿ ಹಣೆಯ ಬೂದಿಯನ್ನು ತೊಳೆದುಕೊಂಡು ಕಣ್ಣಿಗೆ ಇಳಿಯಿತು. ಮಚ್ಚು ನನ್ನ ಕೈಯಲ್ಲಿತ್ತು. ಯಾವಾಗ ಎತ್ತಿಕೊಂಡೆನೋ ನೆನಪಿಲ್ಲ. ಅವಳ ಮೇಲೆ ಬಗ್ಗಿ ನಿಂತಿದ್ದೆ. ನೀನು ಬರೆದ ಆ ತಣ್ಣಗಿನ ನೆಮ್ಮದಿ ಇದೆಯಲ್ಲ, ಅದು ನನಗೂ ಬಂತು. ನನಗೆ ಕೋಪ ಇರಲಿಲ್ಲ. ಕತ್ತಿನ ಯಾವ ಜಾಗಕ್ಕೆ ಎಂದು ನೋಡುತ್ತಿದ್ದೆ. ಕೈ ಮೇಲೆ ಹೋಯಿತು.

ಅವಳು ಕುರುಡುಗಣ್ಣು ಬಿಟ್ಟುಕೊಂಡು ಕೇಳಿದಳು, "ಏನೋ ಬಿದ್ದಂಗಾಯ್ತಲ್ಲ. ಆರೋಗ್ಯ, ನಿಂಗೇನೂ ಪೆಟ್ಟಾಗ್ಲಿಲ್ವಾ ಮಗ?"

ಕೈ ಇಳಿಯಿತು. ನಾನು ಇಳಿಸಲಿಲ್ಲ. ಇದನ್ನು ನೀನು ನಂಬಬೇಕು, ಏಕೆಂದರೆ ಇದನ್ನು ಬೇರೆ ಯಾರಿಗೂ ಹೇಳಲು ನನಗೆ ಬರುವುದಿಲ್ಲ. ನನ್ನಲ್ಲಿ ತಡೆಯುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಕೈ ಇಳಿಯಿತು.

ಮುನಿಯಮ್ಮ ಓಡಿಬಂದಳು. ಆಟೋದಲ್ಲಿ ಕನಕಪುರಕ್ಕೆ ಕರೆದುಕೊಂಡು ಹೋಗಿ ಹೊಲಿಗೆ ಹಾಕಿಸಿದೆವು. ನಿನ್ನ ತಾಯಿ ಡಾಕ್ಟರಿಗೆ ಎಡವಿ ಬಿದ್ದೆ ಎಂದಳು. ಊರೂ ಹಾಗೇ ನಂಬಿದೆ. ನನ್ನನ್ನು ಹೊಗಳುತ್ತಿದ್ದಾರೆ, ಕೊಂದವನ ತಾಯಿಯನ್ನು ಹೊತ್ತುಕೊಂಡು ಹೋದಳು ಎಂದು.

ನಿನ್ನೆ ಪಾಪನಿವೇದನೆಗೆ ಹೋದೆ. ಮೊಣಕಾಲೂರಿದೆ. ಮಾಡಿದ್ದನ್ನು ಹೇಳಿದೆ. ಪಾಪಕ್ಕೆ ನೊಂದುಕೊಳ್ಳುವ ಮನಸ್ತಾಪದ ಜಪವನ್ನು ತಪ್ಪಿಲ್ಲದೆ ಹೇಳಿದೆ. ಒಳಗೆ ಒಣಗಿದ ಬಾವಿಯಂತೆ ಇತ್ತು. ಒಂದು ಹನಿ ಬರಲಿಲ್ಲ. ನಿನಗೆ ಏನಾಗಿತ್ತು ಎಂದು ಈಗ ನನಗೆ ಗೊತ್ತು. ಗೊತ್ತಾಗದಿದ್ದರೆ ಚೆನ್ನಾಗಿತ್ತು.

ನಿನ್ನ ತಾಯಿಯನ್ನು ತಳ್ಳಿದವಳು ನಾನು.

ಆರೋಗ್ಯಮ್ಮ


15 ಮಾರ್ಚ್ 2025

ಏ ಆರೋಗ್ಯ,

ಗುಡೇಮಾರನಹಳ್ಳಿಯ ಸ್ವಾಮಿ ಇವತ್ತು ಬಿಡುಗಡೆಯಾಗಿ ಹೋಗುತ್ತಿದ್ದಾನೆ. ಇಲ್ಲಿನವರು ಓದಬಾರದು ಎಂದು ಅವನ ಕೈಯಲ್ಲಿ ಕೊಟ್ಟಿದ್ದೇನೆ. ಮಾಗಡಿಯಲ್ಲಿ ಪೋಸ್ಟ್ ಮಾಡುತ್ತಾನೆ.

ಕಣ್ಣು ಕಾಣದ ಮುದುಕಿಯನ್ನು ತಳ್ಳಲು ನಿನಗೆ ಕೈ ಹೇಗೆ ಬಂತೇ? ನಿನ್ನ ಮದುವೆಯಲ್ಲಿ ನಿನಗೆ ಹೂ ಮುಡಿಸಿದವಳು ಅವಳು. ನಿನ್ನ ಗಂಡ ಚಿಕ್ಕವನಿದ್ದಾಗ ನನ್ನ ತಟ್ಟೆಯಲ್ಲೇ ಅವನಿಗೂ ಕಲಸಿ ತಿನ್ನಿಸಿದವಳು. ನಾನು ಕೊಂದವನು, ನನ್ನನ್ನು ಏನು ಬೇಕಾದರೂ ಮಾಡು. ಅವಳೇನು ಮಾಡಿದ್ದಳು? ನಾನು ಹೊರಗೆ ಬಂದರೆ ಮೊದಲು ನಿನ್ನ ಜಗಲಿಗೇ ಬರುತ್ತೇನೆ. ಅದೇ ಕಲ್ಲಿಗೆ ನಿನ್ನ ತಲೆ ಇಟ್ಟು ಜಜ್ಜುತ್ತೇನೆ. ನಿನ್ನ ಗಂಡನಿಗೆ ನಾಲ್ಕೇ ಏಟಿಗೆ ನಿಲ್ಲಿಸಿದೆ, ನಿನಗೆ ನಿಲ್ಲಿಸುವುದಿಲ್ಲ.

ಎಷ್ಟು ಹೊಲಿಗೆ ಹಾಕಿದರು? ಮೂಳೆ ಕಾಣುತ್ತಿತ್ತಾ? ಯಾವ ಕಡೆ? ರಕ್ತ ತೊಳೆದವರು ಯಾರು? ಅವಳಿಗೆ ಜ್ಞಾನ ತಪ್ಪಿತ್ತಾ? ರಾತ್ರಿ ಅವಳ ಪಕ್ಕದಲ್ಲಿ ಯಾರು ಮಲಗಿದ್ದರು? ಒಂದನ್ನೂ ಬರೆದಿಲ್ಲ ನೀನು. ನಿನ್ನ ಒಣಬಾವಿಯ ಕತೆ ಬರೆದಿದ್ದೀಯ.

ಇನ್ನಾಸಿ


ಕೇಂದ್ರ ಕಾರಾಗೃಹ
3 ಏಪ್ರಿಲ್ 2025

ಆರೋಗ್ಯಮ್ಮನವರಿಗೆ,

ಹಿಂದಿನ ಕಾಗದ ನಿಮಗೆ ತಲುಪಿರುತ್ತದೆ. ಅದನ್ನು ವಾಪಸ್ಸು ಬೇಡುವುದಿಲ್ಲ, ಆಗ ನಾನು ಹಾಗೇ ಇದ್ದೆ.

ಸ್ವಾಮಿ ಹೋದ ಮೇಲೆ ನನ್ನ ಪ್ರಶ್ನೆಗಳೇ ನನ್ನನ್ನು ಬಿಡಲಿಲ್ಲ. ಯಾವ ಕಡೆ, ಮೂಳೆ ಕಾಣುತ್ತಿತ್ತಾ, ತೊಳೆದವರು ಯಾರು. ಅವ್ವನ ತಲೆಯನ್ನು ಕಣ್ಣ ಮುಂದೆ ತಂದುಕೊಳ್ಳಲು ನೋಡುತ್ತಿದ್ದೆ. ಬರುತ್ತಿರಲಿಲ್ಲ. ಬರುತ್ತಿದ್ದದ್ದು ಚೌರನ ತಲೆ. ಬೆಳಗ್ಗೆ ಇಲ್ಲಿನ ಬೇಕರಿಯಲ್ಲಿ ಹಿಟ್ಟು ನಾದುವುದು ನನ್ನ ಕೆಲಸ. ಮೊನ್ನೆ ನಾದುತ್ತಾ ಕೈಯನ್ನು ಹಿಟ್ಟಿಗೆ ಒತ್ತಿದೆ. ಒಳಗೆ ಹೋಯಿತು. ಬಟ್ಟೆ ಒತ್ತಿದರೆ ಒಳಗೆ ಹೋಗುತ್ತಿತ್ತು ಎಂದು ನೀವು ಬರೆದದ್ದು ಡಿಸೆಂಬರಿನಲ್ಲಿ. ಆಗ ಓದಿದ್ದೆ, ಅಷ್ಟೇ. ಮೊನ್ನೆ ಕೈಗೆ ಗೊತ್ತಾಯಿತು. ಹಿಟ್ಟಿನ ಮೇಲೇ ವಾಂತಿ ಮಾಡಿಕೊಂಡೆ. ವಾರ್ಡನ್ ಲಾಠಿಯಲ್ಲಿ ಎರಡು ಕೊಟ್ಟ. ಬಿದ್ದವನು ಏಳಲಿಲ್ಲ. ಪಕ್ಕದಲ್ಲಿ ಕೆಲಸ ಮಾಡುವ ಸಾಬೀರ್ ನನ್ನನ್ನು ಎಳೆದು ಗೋಡೆಗೆ ಒರಗಿಸಿ, "ಯಾಕಣ್ಣ ಹಿಂಗೆ ಅಳ್ತಿದ್ದೀಯಾ?" ಎಂದ. ನಾನು ಅಳುತ್ತಿಲ್ಲ ಎಂದೆ. "ಮುಖ ಮುಟ್ಕೊಂಡು ನೋಡಣ್ಣ" ಎಂದ. ಮುಟ್ಟಿ ನೋಡಿದೆ. ಕತ್ತಿನವರೆಗೂ ಒದ್ದೆಯಾಗಿತ್ತು, ಮೂಗಿನಿಂದಲೂ ಸುರಿಯುತ್ತಿತ್ತು. ಒರೆಸಿಕೊಳ್ಳಬೇಕು ಎಂದೂ ತೋಚಿರಲಿಲ್ಲ.

ಅದು ಇನ್ನೂ ನಿಂತಿಲ್ಲ. ಬರುತ್ತದೆ, ಹೋಗುತ್ತದೆ. ಆ ಹಗುರ ಈಗ ಕೈಗೆ ಬರುತ್ತಿಲ್ಲ. ಹುಡುಕಿಯೂ ನೋಡಿದೆ. ಇದು ಪಶ್ಚಾತ್ತಾಪವೋ ಮತ್ತೇನೋ ನನಗೆ ಗೊತ್ತಿಲ್ಲ. ಇದನ್ನು ನಾನು ಮಾಡಿದ್ದಲ್ಲ. ನನಗೆ ಆದದ್ದು. ಪಾದ್ರಿಗಳು ಬಂದಾಗ ಹೇಳಿದೆ. ಅವರು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

ನನ್ನನ್ನು ನಂಬಬೇಡಿ. ಅಳುವುದರಲ್ಲಿ ನಾನು ಪಳಗಿದವನು. ಪೊಲೀಸರು ಬಂದರೆ ಬೇಡ ಎಂದೇ ಹೇಳಿ. ಎದುರು ಮನೆಯಲ್ಲಿ ಇರಲು ನನಗೆ ಹೆದರಿಕೆ. ನಾನು ಬರೆದ ಬೆದರಿಕೆ ಸುಳ್ಳಲ್ಲ, ಇಲ್ಲಿನವರು ಇದನ್ನು ಓದಿದರೂ ಓದಲಿ. ಅಂಥ ಮನುಷ್ಯನೂ ಇನ್ನೂ ಇಲ್ಲೇ ಒಳಗೆ ಇದ್ದಾನೆ.

ಅವ್ವನ ಗಾಯ ಒಣಗಿತಾ?

ಇನ್ನಾಸಪ್ಪ


ಅಂತೋಣಿದೊಡ್ಡಿ
21 ಏಪ್ರಿಲ್ 2025

ಇನ್ನಾಸಪ್ಪನಿಗೆ,

ಗಾಯ ಒಣಗಿದೆ. ಏಳು ಹೊಲಿಗೆ, ಎಡಗಡೆ. ಮೂಳೆ ಕಾಣುತ್ತಿರಲಿಲ್ಲ. ತೊಳೆದವಳು ನಾನು. ಆ ರಾತ್ರಿಯಿಂದ ಅವಳ ಪಕ್ಕದಲ್ಲಿ ಮಲಗುತ್ತಿರುವವಳೂ ನಾನೇ. ಒಳ್ಳೆಯತನದಿಂದ ಅಲ್ಲ. ನನ್ನ ಮನೆಯಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ.

ನಿನ್ನೆ ಪಾಸ್ಕ. ಈ ವರ್ಷವೂ ನಾಟಕ ಇರಲಿಲ್ಲ, ನಿಮ್ಮಿಬ್ಬರ ನಂತರ ಬಂಡೆಯ ಮೇಲೆ ಯಾರೂ ಶಿಲುಬೆ ನೆಟ್ಟಿಲ್ಲ. ಪೂಜೆ ಮುಗಿದು ಎಲ್ಲರೂ ಕೈ ಹಿಡಿದು ಹಬ್ಬದ ಮಾತಾಡುತ್ತಿದ್ದಾಗ ನಿನ್ನ ತಾಯಿಯನ್ನು ಗೋಡೆಯ ನೆರಳಿಗೆ ಕರೆದುಕೊಂಡು ಹೋದೆ. ಹೇಳಿಬಿಟ್ಟೆ. "ನೀನು ಎಡವಲಿಲ್ಲ ಕಣವ್ವ. ನಾನೇ ನೂಕ್ದೆ. ಮಚ್ಚೂ ಎತ್ತಿದ್ದೆ."

ಅವಳು ನನ್ನ ಕೈ ಸವರುತ್ತಾ, "ಗೊತ್ತು ಕಣ್ ಮಗ. ಎದೆ ಮ್ಯಾಲೆ ಎಲ್ಡು ಅಂಗೈ ಬಿದ್ರೆ ಎಡವಿದ್ದು ಅಂತಾರಾ? ಕಣ್ಣೋಗೈತೆ, ಬುದ್ಧಿ ಹೋಗಿಲ್ಲ" ಎಂದಳು.

"ಮತ್ಯಾಕೆ ಹಂಗ್ ಕೇಳ್ದೆ? ನಿಂಗೆ ಪೆಟ್ಟಾಯ್ತಾ ಅಂತ?"

"ನಿನ್ ಉಸ್ರು ಮ್ಯಾಲಿಂದ ಕೇಳ್ತಿತ್ತು. ನನ್ ಮಗಂದೂ ಅವತ್ತು ಹಂಗೇ ಇದ್ದಿರ್ಬೇಕು, ಕೇಳೋರು ಯಾರೂ ಇರ್ಲಿಲ್ಲ ಅಂದ್ಕೊಂಡೆ. ಅದ್ಕೇ ಕೇಳ್ದೆ. ಬ್ಯಾರೆ ಏನೂ ತೋಚ್ಲಿಲ್ಲ."

ಅಲ್ಲೇ ಗೋಡೆಗೆ ಹಣೆಯಿಟ್ಟು ಕೂಗಾಡಿಬಿಟ್ಟೆ. ಹಬ್ಬಕ್ಕೆ ಬಂದ ಜನ ಸುತ್ತ ಸೇರಿದರು. ಯಾರೋ ದೆವ್ವ ಎಂದರಂತೆ. ಮುನಿಯಮ್ಮ ಹಬ್ಬದ ಊಟಕ್ಕೆ ಬಂದಿದ್ದಳು. "ಸುಮ್ಕಿರ್ರಿ, ದೆವ್ವ ಬುಟ್ಟೋಯ್ತಾ ಐತೆ" ಎಂದಳಂತೆ.

ಕೇಳುವ ಮುಂಚೆಯೇ ಕರುಣೆ ಕೊಟ್ಟುಬಿಡುವುದು ಹೇಗೆ ಎಂದು ನಾನು ಫಾದರ್ ಹತ್ತಿರ ಕೇಳಲಿಲ್ಲ. ನನಗೆ ಕೊಟ್ಟವಳ ಕೈ ನನ್ನ ಕೈಯಲ್ಲೇ ಇತ್ತು. ಆದರೂ ಚೌರಪ್ಪ ನೆನಪಾದ. ಅವನು "ಬುಡ್ಲಾ" ಎಂದು ಕೇಳಿಯೂ ಅವನಿಗೆ ಅದು ಸಿಗಲಿಲ್ಲ. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಯಾರಲ್ಲಾದರೂ ಇದೆ ಎಂದರೂ ನಾನು ಕೇಳುವುದಿಲ್ಲ.

ಆರೋಗ್ಯಮ್ಮ


ಅಂತೋಣಿದೊಡ್ಡಿ
12 ಮೇ 2025

ಇನ್ನಾಸಪ್ಪನಿಗೆ,

ಇವತ್ತು ಪೊಲೀಸರು ಬಂದಿದ್ದರು. ಸಬ್ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವರು. ನಮ್ಮ ಜಗಲಿಯ ಮೇಲೆ ಕೂತು, ಮಜ್ಜಿಗೆ ಕುಡಿದು, ಪೆನ್ನು ತೆಗೆದರು. ಅರ್ಧ ಊರು ರಸ್ತೆಯಲ್ಲಿ ನಿಂತಿತ್ತು. ನಿನ್ನ ತಾಯಿ ತನ್ನ ಬಾಗಿಲಲ್ಲಿ ಕಿವಿಗೊಟ್ಟು ಕೂತಿದ್ದಳು.

"ನೋಡಮ್ಮ, ಯಾರ ಬಲವಂತವೂ ಇಲ್ಲ. ಆ ಮನುಷ್ಯ ನಿಜವಾಗಿ ಪಶ್ಚಾತ್ತಾಪ ಪಟ್ಟಿದ್ದಾನೆ ಅಂತ ನಿಮಗೆ ಅನ್ಸುತ್ತಾ?"

"ಗೊತ್ತಿಲ್ಲ ಸಾರ್. ಅದು ನಾನು ನೋಡಿ ಹೇಳಾದಲ್ಲ."

"ಕ್ಷಮಿಸಿದ್ದೀರಾ?"

"ಇಲ್ಲ ಸಾರ್."

ಜನ ಗುಜುಗುಜು ಎಂದರು. ಅವರು ಪೆನ್ನು ಒತ್ತಿ, "ಹಾಗಾದ್ರೆ ಬೇಡ ಅಂತ ಬರ್ಕೊಳ್ಲಾ?" ಎಂದರು.

ನಿನ್ನ ಮಾತಿನಂತೆ ಬೇಡ ಎನ್ನಬಹುದಿತ್ತು. ಬಾಯಿಯವರೆಗೂ ಬಂದಿತ್ತು. ನೀನು ನಿಜವಾಗಿ ಅತ್ತಿದ್ದರೆ ಬರಲಿ ಎನ್ನುತ್ತೇನೆ ಎಂದು ನಾನೇ ಮೊದಲು ಬರೆದದ್ದು. ಅದು ನನ್ನ ಕೈಯಲ್ಲಿರುವ ತಕ್ಕಡಿ ಎಂದುಕೊಂಡಿದ್ದೆ. ನಿನ್ನ ತಾಯಿ ನನ್ನನ್ನು ತೂಗಿ ನೋಡಿ ಬಿಟ್ಟದ್ದಲ್ಲ. ತೂಗಿದ್ದರೆ ನಾನು ಈಗ ನೀನಿರುವಲ್ಲೇ ಇರುತ್ತಿದ್ದೆ.

"ಬರ್ಲಿ ಅಂತ ಬರ್ಕೊಳಿ" ಎಂದೆ.

ಅವರು ಬರೆದುಕೊಂಡರು. ನನ್ನ ರುಜು ಹಾಕಿಸಿಕೊಂಡರು. ಏಳುವಾಗ ನಿನ್ನ ಮನೆ ಕಡೆ ನೋಡಿ, ನನ್ನ ಮನೆ ನೋಡಿ, ಮೆಲ್ಲಗೆ ಕೇಳಿದರು, "ಇಷ್ಟು ಹತ್ರ. ಹೆದರಿಕೆ ಆಗಲ್ವಾ ನಿಮಗೆ?"

"ಆಯ್ತದೆ ಸಾರ್. ಅವ್ನಿಗೂ ನನ್ ಕಂಡ್ರೆ ಆಗ್ಲಿ" ಎಂದೆ.

ಬರುವ ದಿನ ಯಾರೂ ಹೂವಿನ ಹಾರ ತರಬಾರದು ಎಂದು ಊರಿನವರಿಗೆ ಹೇಳಿದ್ದೇನೆ. ಬಸ್ಸಿಳಿದು ನೆಟ್ಟಗೆ ನಿನ್ನ ತಾಯಿಯ ಹತ್ತಿರ ಹೋಗು. ನನ್ನ ಕಾಲಿಗೆ ಬೀಳಲು ಬರಬೇಡ, ಬಿದ್ದರೆ ನಾನು ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ನಾನು ಬಾಗಿಲು ತೆರೆದೇ ಇಟ್ಟಿರುತ್ತೇನೆ. ನೀನು ನೋಡಿದರೆ ನಾನೂ ನೋಡುತ್ತೇನೆ.

ಎದುರು ಮನೆಯ,
ಆರೋಗ್ಯಮ್ಮ